ಛಾಯಾಗ್ರಹಣ ಪ್ರಶ್ನೋತ್ತರ: ಮರುಭೂಮಿಯ ಬೆಟ್ಟಗಳಿಗೆ ಹಿಮ ಬಿದ್ದಾಗ

ಈ ಸಂಚಿಕೆಗೆ ಬಂದಿರುವ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇವೆ. ಮಲೆನಾಡಿನ ಹಲವು ಮನೆಗಳ ಮಕ್ಕಳು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಲಡಾಖ್, ಹಿಮಾಚಲ ಪ್ರದೇಶದ ಸ್ಪಿತಿಗಳಿಗೆ ಚಳಿಗಾಲದಲ್ಲಿಯೇ ಹೊರಡುವವರೂ ನಮ್ಮ ಓದುಗರಲ್ಲಿದ್ದಾರೆ. ಒಣನಾಡಿನ ಬೆಟ್ಟಗಳ ಮೇಲೆ ಹಿಮ ಬಿದ್ದ ಬೆಳಗನ್ನು ಕ್ಯಾಮೆರಾದಲ್ಲಿ ಹಿಡಿಯಲು ಹೋದವರು, ಹೋಗಲಿರುವವರು ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಸೌದಿ ಅರೇಬಿಯಾದ ತಬೂಕ್‌ನಲ್ಲಿ ಕೆಲಸದಲ್ಲಿದ್ದಾನೆ. ಆ ಪ್ರಾಂತ್ಯದ ಜಬಲ್ ಅಲ್ ಲೌಝ್ ಬೆಟ್ಟಕ್ಕೆ ಹಿಮ ಬಿದ್ದ ಸುದ್ದಿ ಕೇಳಿ ಗೆಳೆಯರೊಡನೆ ಹೋಗಿ ಬಹಳಷ್ಟು ಫೋಟೊ ತೆಗೆದು ಕಳಿಸಿದ. ಕೆಲವು ಚಿತ್ರಗಳಲ್ಲಿ ಹಿಮ ಬೂದಿ ಬಳಿದಂತೆ ಮಂಕಾಗಿದೆ; ಇನ್ನು ಕೆಲವದರಲ್ಲಿ ಏನೂ ಕಾಣದ ಹಾಗೆ ಬಿಳಿಚಿಹೋಗಿದೆ. ಕ್ಯಾಮೆರಾ ಒಂದೇ, ಬೆಳಗೂ ಒಂದೇ. ಹೀಗೇಕೆ?
(ಓದುಗರೊಬ್ಬರು, ಸಾಗರ)

ಉತ್ತರ: ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ತನ್ನ ಮುಂದಿರುವುದು ಹಿಮವೋ ಇದ್ದಿಲೋ ತಿಳಿಯುವುದಿಲ್ಲ. ಚೌಕಟ್ಟಿನಲ್ಲಿರುವುದೆಲ್ಲ ಸೇರಿ ಸರಾಸರಿಯಲ್ಲಿ ನಡುಬೂದು ಬಣ್ಣಕ್ಕೆ ಸಮನಾಗಿದೆ, ಅಂದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ ಎಂಬ ಲೆಕ್ಕದ ಮೇಲೆ ಅದು ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣವನ್ನು, ನಿಗದಿ ಮಾಡುತ್ತದೆ. ಆಗತಾನೆ ಬಿದ್ದ ಹಿಮವಾದರೋ ಶೇ. 80ರಿಂದ 90ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. 18ರ ಎರಡರಷ್ಟು 36, ಅದರ ಎರಡರಷ್ಟು 72. ಎರಡು ಸಲ ಇಮ್ಮಡಿಯಾದರೂ ಹಿಮದ ಬಿಳುಪನ್ನು ಮುಟ್ಟಲು ಇನ್ನೂ ಸ್ವಲ್ಪ ಉಳಿಯುತ್ತದೆ. ಛಾಯಾಗ್ರಾಹಕರು ಒಂದು ಇಮ್ಮಡಿಯನ್ನು ಒಂದು ಸ್ಟಾಪ್ ಎನ್ನುತ್ತಾರೆ. ಆದ್ದರಿಂದ ಚೌಕಟ್ಟಿನ ತುಂಬ ಹಿಮವೇ ಇರುವಾಗ ಮಾಪಕದ ಮಾತನ್ನು ಹಾಗೆಯೇ ನಂಬಿದರೆ, ಚಿತ್ರಕ್ಕೆ ಸಿಗಬೇಕಾದುದಕ್ಕಿಂತ ಎರಡು ಸ್ಟಾಪ್‌ಗೂ ಮಿಕ್ಕಿ ಕಡಿಮೆ ಬೆಳಕು ಸಿಗುತ್ತದೆ ಮತ್ತು ಹಿಮ ನಡುಬೂದು ಬಣ್ಣಕ್ಕೆ ಇಳಿಯುತ್ತದೆ. ನಿಮ್ಮ ಮಗ ಕಳಿಸಿದ ಮಂಕು ಚಿತ್ರಗಳಿಗೆ ಇದೇ ಕಾರಣ. ಈಗಿನ ಕ್ಯಾಮೆರಾಗಳು ದೃಶ್ಯವನ್ನು ಹಲವು ಭಾಗಗಳಾಗಿ ಅಳೆದು ಈ ದೋಷವನ್ನು ಸ್ವಲ್ಪ ಮಟ್ಟಿಗೆ ತಾವೇ ತಿದ್ದಿಕೊಳ್ಳುತ್ತವೆಯಾದರೂ ಪೂರ್ತಿ ತಿದ್ದುವುದಿಲ್ಲ.

ಹಿಮನಾಡುಗಳಲ್ಲಿ ಚಿತ್ರ ತೆಗೆಯುವವರು ಇದಕ್ಕಾಗಿ, ಮಾಪಕದ ಲೆಕ್ಕವನ್ನು ಕೈಯಿಂದ ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ನಲ್ಲಿ +1.5 ಅಥವಾ +2 ಸ್ಟಾಪ್ ಇಟ್ಟುಕೊಂಡು ನಿಶ್ಚಿಂತರಾಗುತ್ತಾರೆ. ಆ ಸೂತ್ರವನ್ನು ಮರುಭೂಮಿಯ ಬೆಟ್ಟಕ್ಕೆ ಹಾಗೆಯೇ ಅನ್ವಯಿಸಿದರೆ ಚಿತ್ರ ಕೆಡುತ್ತದೆ, ಏಕೆಂದರೆ ಅಲ್ಲಿ ಹಿಮ ಹೊದಿಕೆಯಾಗಿ ಬೀಳುವುದು ಕಡಿಮೆ. ಹೆಚ್ಚಾಗಿ ಅದು ತೇಪೆ ತೇಪೆಯಾಗಿ ನಿಂತಿರುತ್ತದೆ, ನಡುನಡುವೆ ಗಾಢ ಬಣ್ಣದ ಬಂಡೆ ಇಣುಕುತ್ತಿರುತ್ತದೆ. ಚೌಕಟ್ಟಿನಲ್ಲಿ ಬಂಡೆಯದೇ ಮೇಲುಗೈಯಾಗಿದ್ದರೆ ಸರಾಸರಿ ನಡುಬೂದಿಗೆ ಹತ್ತಿರವೇ ಬರುತ್ತದೆ, ಮಾಪಕದ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಅಂಥ ಕಡೆ ಎರಡು ಸ್ಟಾಪ್ ಏರಿಸಿದರೆ, ಅಥವಾ ಕಪ್ಪು ಬಂಡೆಗಳನ್ನು ಕಂಡ ಕ್ಯಾಮೆರಾ ತಾನಾಗಿಯೇ ಬೆಳಕು ಹೆಚ್ಚಿಸಿಕೊಂಡರೆ, ಬಿಳಿಯ ತೇಪೆಗಳು ಸುಟ್ಟುಹೋಗುತ್ತವೆ. ಅದೇ ಬೆಳಗಿನಲ್ಲಿ ಎರಡೂ ಬಗೆಯ ಚಿತ್ರಗಳು ಬಂದಿರುವುದು ಹೀಗೆ: ಹಿಮದ ಕಡೆಗೆ ತಿರುಗಿದಾಗ ಮಂಕು, ಬಂಡೆಯ ಕಡೆಗೆ ತಿರುಗಿದಾಗ ಬಿಳಿಚು.

ನನ್ನ ಸಲಹೆ ಏನೆಂದರೆ, ಅಳತೆಯನ್ನು ಹಿಮದಿಂದಲೇ ಆರಂಭಿಸಬೇಕು. ಚೌಕಟ್ಟಿನ ಒಂದು ಸಣ್ಣ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಬದಲಿಸಿ, ಬಿಸಿಲು ಬಿದ್ದಿರುವ ಹಿಮದ ತೇಪೆಯೊಂದನ್ನು ಅಳೆದು, ಅಲ್ಲಿಂದ ಸುಮಾರು ಎರಡು ಸ್ಟಾಪ್ ಏರಿಸಿ, ಮ್ಯಾನ್ಯುಯಲ್ ಮೋಡ್‌ನಲ್ಲಿ ಆ ಎಕ್ಸ್‌ಪೋಷರನ್ನು ಕಟ್ಟಿಹಾಕಿಕೊಳ್ಳಬೇಕು. ಬಿಸಿಲು ಬದಲಾಗುವ ತನಕ, ಕ್ಯಾಮೆರಾವನ್ನು ಯಾವ ಕಡೆಗೆ ತಿರುಗಿಸಿದರೂ ಅದೇ ಅಳತೆ ಸಾಕು. 1940ರ ಸುಮಾರಿಗೆ ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಅವರು ರೂಪಿಸಿದ ಜೋನ್ ಪದ್ಧತಿಯಲ್ಲಿ ಕಪ್ಪಿನಿಂದ ಬಿಳುಪಿನವರೆಗೆ 0ಯಿಂದ 10ರ ತನಕ ಮೆಟ್ಟಿಲುಗಳಿವೆ. ನಡುಬೂದು 5ನೆಯದು, ಒಂದೊಂದು ಮೆಟ್ಟಿಲಿಗೂ ಒಂದು ಸ್ಟಾಪ್ ಅಂತರ. ಮೈಯ ಒರಟುತನ ಕಾಣಬೇಕಾದ ಹಿಮವನ್ನು 7 ಅಥವಾ 8ರಲ್ಲಿ ಇಡಬೇಕು, 10ಕ್ಕೆ ಏರಿಸಬಾರದು. ಫಿಲ್ಮಿನ ಕಾಲದ ಈ ಪದ್ಧತಿ ಡಿಜಿಟಲ್ ಕ್ಯಾಮೆರಾಕ್ಕೂ ಒಪ್ಪುತ್ತದೆ. ಜೊತೆಗೆ ಹಿಸ್ಟೋಗ್ರಾಂ, ಅಂದರೆ ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಇರುವ ಬೆಳಕಿನ ನಕ್ಷೆಯನ್ನು ನೋಡಿ. ಅದರ ಗುಡ್ಡೆ ಬಲತುದಿಯ ಹತ್ತಿರ ಬಂದಿರಬೇಕು, ಗೋಡೆಗೆ ಒತ್ತಿಕೊಂಡಿರಬಾರದು. ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತದಲ್ಲಿ, ತೆಗೆದರೆ ಬಂಡೆಯ ನೆರಳನ್ನು ಆಮೇಲೆ ಎತ್ತಿಕೊಳ್ಳಲು ಅವಕಾಶವಿರುತ್ತದೆ. ಸುಟ್ಟುಹೋದ ಬಿಳುಪನ್ನು ಮಾತ್ರ ಯಾರಿಂದಲೂ ಮರಳಿ ತರಲಾಗದು.

ಇದನ್ನು ಕಲಿಯಲು ಹಿಮವೇ ಬೇಕಾಗಿಲ್ಲ. ಮಗ ರಜೆಗೆ ಊರಿಗೆ ಬಂದಾಗ, ಒಗೆದು ಒಣಗಿಸಿದ ಬಿಳಿ ಪಂಚೆಯೊಂದನ್ನು ಜಂಬಿಟ್ಟಿಗೆಯ ಪಾಗಾರದ ಮೇಲೆ, ಅರ್ಧ ಕಲ್ಲು ಕಾಣುವಂತೆ ಹರವಲು ಹೇಳಿ. ಬೆಳಗಿನ ಬಿಸಿಲು ಪಕ್ಕದಿಂದ ಬೀಳುವ ಹೊತ್ತಿಗೆ ಮೊದಲು ಪಂಚೆಯಷ್ಟೇ ಚೌಕಟ್ಟು ತುಂಬುವಂತೆ, ಆಮೇಲೆ ಪಂಚೆ ಮೂಲೆಯಲ್ಲಿ ಒಂದಿಷ್ಟು ಮಾತ್ರ ಕಾಣುವಂತೆ, ಆಟೋ ಮೋಡ್‌ನಲ್ಲಿ ಒಂದೊಂದು ಚಿತ್ರ ತೆಗೆಯಲಿ. ಮೊದಲನೆಯದರಲ್ಲಿ ಪಂಚೆ ಕೊಳೆಯಾದಂತೆ ಕಾಣುತ್ತದೆ; ಎರಡನೆಯದರಲ್ಲಿ ಕಲ್ಲಿನ ತೂತು ತೂತಾದ ಮೈ ಚೆನ್ನಾಗಿ ಬಂದು, ಪಂಚೆಯ ಮಡಿಕೆಗಳು ಅಳಿಸಿಹೋಗುವ ಸಂಭವವಿದೆ. ಬಳಿಕ ಪಂಚೆಯಿಂದ ಅಳತೆ ತೆಗೆದುಕೊಂಡು ಅರ್ಧರ್ಧ ಸ್ಟಾಪ್ ಏರಿಸುತ್ತ ಹೋಗಲಿ. ಬಟ್ಟೆ ಬಿಳಿಯಾಗಿಯೇ ಕಂಡು, ಅದರ ಇಸ್ತ್ರಿಯ ಗೆರೆಯೂ ನೇಯ್ಗೆಯ ಎಳೆಯೂ ಉಳಿದಿರುವ ಒಂದು ಮಟ್ಟ ಸಿಗುತ್ತದೆ. ಅಲ್ಲಿಂದ ಇನ್ನರ್ಧ ಸ್ಟಾಪ್ ಏರಿಸಿದಾಗ ಎಳೆ ಮಾಯವಾಗುವುದನ್ನೂ ನೋಡಲಿ. ತನ್ನ ಕ್ಯಾಮೆರಾದ ಬಿಳುಪಿನ ಎಲ್ಲೆ ಎಲ್ಲಿದೆಯೆಂಬುದನ್ನು ಹೀಗೆ ಕಣ್ಣಾರೆ ಕಂಡವರು ಬೆಟ್ಟದ ಮೇಲೆ ತಡವರಿಸುವುದಿಲ್ಲ.

ಪ್ರಶ್ನೆ: ಮರುಭೂಮಿಯಲ್ಲಿ ಹಿಮ ಬೀಳುವುದಾದರೂ ಹೇಗೆ? ನಮ್ಮ ಬೆಟ್ಟಗಳ ಮೇಲೆ ಇಷ್ಟು ಮಳೆ, ಇಷ್ಟು ಚಳಿ ಇದ್ದರೂ ಬೀಳದ ಹಿಮ ಅಲ್ಲಿ ಬೀಳುತ್ತದೆಂದರೆ ನಂಬಲಾಗುತ್ತಿಲ್ಲ. ಅದನ್ನು ಮುಂಚಿತವಾಗಿ ತಿಳಿದು ಕ್ಯಾಮೆರಾದೊಡನೆ ಸಿದ್ಧವಾಗಿರಲು ಸಾಧ್ಯವೇ?
(ಶಿಕ್ಷಕಿಯೊಬ್ಬರು, ತೀರ್ಥಹಳ್ಳಿ)

ಉತ್ತರ: ಮರುಭೂಮಿಯನ್ನು ಗುರುತಿಸುವುದು ಸೆಕೆಯಿಂದಲ್ಲ, ಒಣತನದಿಂದ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಅಥವಾ ಹಿಮ ಬೀಳುವ ಪ್ರದೇಶವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಹಿಮಾಲಯದ ಮಳೆನೆರಳಿನಲ್ಲಿರುವ ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸುಮಾರು 100 ಮಿಲಿಮೀಟರ್. ನಿಮ್ಮ ನೆರೆಯ ಆಗುಂಬೆಯಲ್ಲಿ ಆಷಾಢದ ಒಂದೇ ಜಡಿಮಳೆಯ ದಿನ ಅಷ್ಟನ್ನು ಸುರಿಸಿಬಿಡಬಲ್ಲದು. ಲೇಹ್‌ಗೆ ಚಳಿಯ ಕೊರತೆಯಿಲ್ಲ, ತೇವದ ಕೊರತೆ ಇದೆ. ಮೆಡಿಟರೇನಿಯನ್ ಕಡೆಯಿಂದ ಚಳಿಗಾಲದಲ್ಲಿ ಸಾಗಿಬರುವ ಪಶ್ಚಿಮದ ಮಾರುತಗಳು ತಂದಷ್ಟೇ ತೇವ ಅಲ್ಲಿ ಹಿಮವಾಗಿ ಬೀಳುತ್ತದೆ. ಆದ್ದರಿಂದ ಲಡಾಖ್‌ನಲ್ಲಿ ಹಿಮ ಅಪರೂಪವೆನ್ನುವುದಕ್ಕಿಂತ ತೆಳು ಎನ್ನುವುದು ಸರಿ.

ಅರೇಬಿಯಾ, ಸಿನಾಯ್, ಸಹಾರಾಗಳಲ್ಲಿ ಚಳಿ ಮತ್ತು ತೇವ ಎರಡೂ ಒಂದೇ ದಿನ ಒಂದೇ ಕಡೆ ಕೂಡಿಬರಬೇಕು. ಉತ್ತರದ ತಣ್ಣನೆಯ ಗಾಳಿ ಬಹಳ ದಕ್ಷಿಣಕ್ಕೆ ನುಗ್ಗಿದಾಗ, ಅದೇ ವೇಳೆಗೆ ಸಮುದ್ರದ ತೇವವೂ ಒದಗಿದಾಗ ಮಾತ್ರ ಅದು ಸಾಧ್ಯ. ಇದಕ್ಕೆ ಎತ್ತರ ನೆರವಾಗುತ್ತದೆ, ಏಕೆಂದರೆ ಸಾವಿರ ಮೀಟರ್ ಏರಿದಂತೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಯುನೈಟೆಡ್ ಅರಬ್ ಎಮಿರೇಟ್ಸ್‌ನ ಜಬಲ್ ಜೈಸ್ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ, ಅಂದರೆ ಸುಮಾರು 1,930 ಮೀಟರ್ ಎತ್ತರವಿದೆ. 2004ರ ಡಿಸೆಂಬರ್, 2009ರ ಜನವರಿ, 2017ರ ಫೆಬ್ರುವರಿಗಳಲ್ಲಿ ಅಲ್ಲಿ ಹಿಮ ಬಿತ್ತು. ಮುಳ್ಳಯ್ಯನಗಿರಿಗೆ ಬೀಳದಿರುವುದು, ಅದು ಹನ್ನೆರಡು ಡಿಗ್ರಿಗಳಷ್ಟು ದಕ್ಷಿಣದಲ್ಲಿದ್ದು ಉತ್ತರದ ಆ ಕೊರೆಯುವ ಗಾಳಿ ಇಲ್ಲಿಯವರೆಗೆ ತಲುಪದಿರುವುದರಿಂದ. ಜೊತೆಗೆ ನಮ್ಮ ಮಳೆಯೆಲ್ಲ ಬರುವುದು ಚಳಿಯಿಲ್ಲದ ತಿಂಗಳುಗಳಲ್ಲಿ. ಅಲ್ಜೀರಿಯಾದ ಐನ್ ಸೆಫ್ರಾ ಎಂಬ ಊರು ಸಾವಿರ ಮೀಟರಿನಷ್ಟೇ ಎತ್ತರದಲ್ಲಿದೆ. ಸಹಾರಾದ ಹೆಬ್ಬಾಗಿಲೆನಿಸಿಕೊಂಡ ಆ ಊರಿನ ಪಕ್ಕದ ಕೆಂಪು ಮರಳದಿಬ್ಬಗಳ ಮೇಲೆ 2016ರ ಡಿಸೆಂಬರ್‌ನಲ್ಲಿ, ಮತ್ತೆ 2018 ಮತ್ತು 2021ರ ಜನವರಿಗಳಲ್ಲಿ ಹಿಮ ಬಿದ್ದ ಚಿತ್ರಗಳನ್ನು ಜಗತ್ತೆಲ್ಲ ನೋಡಿದೆ.

ಎರಡು ಮೂರು ದಿನ ಮುಂಚಿತವಾಗಿ ತಿಳಿಯುವುದು ಈಗ ಸಾಧ್ಯವಿದೆ. ಊರಿನ ಹವಾಮಾನವನ್ನು ನೋಡಿದರೆ ಸಾಲದು. ಶಿಖರದ ಎತ್ತರದಲ್ಲಿ ಉಷ್ಣತೆ ಸೊನ್ನೆಗೆ ಇಳಿಯುವುದೇ, ಅದೇ ಗಳಿಗೆಯಲ್ಲಿ ಮಳೆಯ ಸೂಚನೆ ಇದೆಯೇ ಎಂಬ ಎರಡನ್ನೂ ಹೊಂದಿಸಿ ನೋಡಬೇಕು. ಬಿದ್ದ ಹಿಮ ಸಹಾರಾದಲ್ಲಿ ಕೆಲವು ಗಂಟೆ, ಎತ್ತರದ ಬೆಟ್ಟಗಳಲ್ಲಿ ಒಂದೆರಡು ದಿನ ಉಳಿದೀತು. ಕರಗಿ ಹೋಗುವುದಲ್ಲದೆ, ಒಣಗಾಳಿಗೆ ಸಿಕ್ಕ ಹಿಮ ನೀರಾಗದೆಯೇ ನೇರವಾಗಿ ಆವಿಯೂ ಆಗುತ್ತದೆ. ಆದ್ದರಿಂದ ಮೋಡ ಸರಿದ ಮೊದಲ ಬೆಳಗಿಗೆ ನೀವು ಅಲ್ಲಿರಬೇಕು. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು: ಇಂಥ ಹವೆಯಲ್ಲಿ ಮೇಲೆ ಹಿಮ ಬೀಳುವಾಗ ಕೆಳಗೆ ಮಳೆ ಸುರಿಯುತ್ತಿರುತ್ತದೆ, ವರ್ಷವೆಲ್ಲ ಒಣಗಿ ಬಿದ್ದಿರುವ ಹಳ್ಳಗಳಲ್ಲಿ ದಿಢೀರನೆ ನೀರು ಏರಿಬರುತ್ತದೆ. ವಾಹನವನ್ನು ಹಳ್ಳದ ಪಾತ್ರದಲ್ಲಿ ನಿಲ್ಲಿಸಲೂಬಾರದು, ಅಲ್ಲಿ ಡೇರೆ ಹಾಕಲೂಬಾರದು. ಪೊಲೀಸರು ರಸ್ತೆ ಮುಚ್ಚಿದ್ದರೆ ಮರಳಿ ಹೋಗಬೇಕು.

ಪ್ರಶ್ನೆ: ನಾನು ಮದುವೆ ಸಮಾರಂಭಗಳ ಫೋಟೊ ತೆಗೆಯುವವನು. ಲೇಹ್‌ಗೆ ಹೋಗಿದ್ದಾಗ ರಾತ್ರಿ ಹಿಮ ಬಿದ್ದು ಬೆಳಗಾಗುವಷ್ಟರಲ್ಲಿ ಬೆಟ್ಟಗಳೆಲ್ಲ ಬೆಳ್ಳಗಾಗಿದ್ದವು. ಎಕ್ಸ್‌ಪೋಷರ್ ಎಲ್ಲ ಸರಿಯಾಗಿದ್ದರೂ ಚಿತ್ರಗಳು ಚಪ್ಪಟೆಯಾಗಿವೆ. ಅಷ್ಟು ದೊಡ್ಡ ಬೆಟ್ಟ ಚಿತ್ರದಲ್ಲಿ ದಿಣ್ಣೆಯಂತೆ ಕಾಣುತ್ತದೆ. ಕಣ್ಣಿಗೆ ಕಂಡದ್ದು ಚಿತ್ರಕ್ಕೆ ಬರಲಿಲ್ಲವೇಕೆ?
(ಓದುಗರೊಬ್ಬರು, ಭದ್ರಾವತಿ)

ಉತ್ತರ: ನೀವು ಪತ್ರದೊಡನೆ ಕಳಿಸಿರುವ ಚಿತ್ರಗಳಲ್ಲಿ ಹಿಮವನ್ನು ಹುಡುಕಿದ್ದೀರಿ, ಬೆಟ್ಟವನ್ನು ಬಿಟ್ಟಿದ್ದೀರಿ. ಎಲ್ಲಿ ಬಿಳುಪು ಹೆಚ್ಚಿದೆಯೋ ಅತ್ತಲೇ ಕ್ಯಾಮೆರಾ ತಿರುಗಿದೆ. ಮರುಭೂಮಿಯ ಬೆಟ್ಟದ ಚಿತ್ರದಲ್ಲಿ ವಸ್ತು ಬಂಡೆಯೇ. ಆ ಬಂಡೆಯ ರಚನೆಯನ್ನು ಎತ್ತಿ ತೋರಿಸುವುದೇ ಹಿಮದ ಕೆಲಸ. ನಮ್ಮ ಕೊಡಚಾದ್ರಿಯನ್ನೋ ಕುಂದಾದ್ರಿಯನ್ನೋ ಕಾಡು ಹೊದ್ದುಕೊಂಡಿದೆ, ಒಳಗಿನ ಕಲ್ಲಿನ ಪದರ ಹೇಗಿದೆಯೆಂದು ಹೊರಗಿನಿಂದ ತಿಳಿಯದು. ಒಣನಾಡಿನ ಬೆಟ್ಟಕ್ಕೆ ಅಂಥ ಹೊದಿಕೆಯಿಲ್ಲ. ಆದರೆ ಉಳಿದ ದಿನಗಳಲ್ಲಿ ಕಲ್ಲೆಲ್ಲ ಒಂದೇ ಕಂದು ಬಣ್ಣದ್ದಾಗಿ ಕಾಣುವುದರಿಂದ ಅದರ ಪದರಗಳು ದೂರಕ್ಕೆ ಕಣ್ಣಿಗೆ ಬೀಳುವುದಿಲ್ಲ. ತೆಳುವಾದ ಹಿಮ ಬಿದ್ದಾಗ ಅದು ಚಾಚುಗಳ ಮೇಲೆ ನಿಲ್ಲುತ್ತದೆ, ಕಡಿದಾದ ಕಡೆ ಜಾರುತ್ತದೆ, ಬಿರುಕಿನಲ್ಲಿ ತುಂಬಿಕೊಳ್ಳುತ್ತದೆ. ಜಬಲ್ ಜೈಸ್‌ನಂಥ ಸುಣ್ಣಕಲ್ಲಿನ ಬೆಟ್ಟದಲ್ಲಿ ಪದರ ಪದರವೂ ಒಂದೊಂದು ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ಲೇಹ್‌ನ ಎದುರಿಗೆ, ಸಿಂಧೂ ನದಿಯ ಆಚೆ ದಡದಲ್ಲಿರುವ ಸ್ಟೋಕ್ ಸಾಲಿನ ಪದರಗಳು ಬಹುಪಾಲು ನೆಟ್ಟಗೆ ನಿಂತಂತೆ ವಾಲಿಕೊಂಡಿವೆ. ಒಂದಿಂಚು ಹಿಮ ಬಿದ್ದರೆ ಸಾಕು, ಅವು ಒಂದೊಂದಾಗಿ ಎಣಿಸುವಂತೆ ಬೇರ್ಪಡುತ್ತವೆ. ಒಂದಡಿ ಹಿಮ ಬಿದ್ದರೆ ಅವೆಲ್ಲ ಮುಚ್ಚಿಹೋಗುತ್ತವೆ. ತೆಳು ಹಿಮವೇ ಒಳ್ಳೆಯ ಹಿಮ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಚೌಕಟ್ಟು ಕಟ್ಟುವಾಗ ಹಿಮ ಮುಗಿಯುವ ಅಂಚನ್ನು ಹುಡುಕಿ. ಬೆಟ್ಟದ ಒಂದು ಎತ್ತರದಲ್ಲಿ, ಅದಕ್ಕಿಂತ ಕೆಳಗೆ ಮಳೆಯಾಗಿಯೂ ಮೇಲೆ ಹಿಮವಾಗಿಯೂ ಬಿದ್ದದ್ದರಿಂದ, ಅಡ್ಡಗೆರೆ ಎಳೆದಂತೆ ಬಿಳುಪು ಆರಂಭವಾಗಿರುತ್ತದೆ. ಸೂರ್ಯನಿಗೆ ಮುಖ ಮಾಡಿರುವ ದಕ್ಷಿಣದ ಇಳಿಜಾರು ಬೇಗ ಬರಿದಾಗುತ್ತದೆ, ಉತ್ತರದ ಇಳಿಜಾರಿನಲ್ಲಿ ಹಿಮ ಉಳಿಯುತ್ತದೆ. ಹಾಗಾಗಿ ಒಂದು ಕಂದು, ಒಂದು ಬಿಳಿ ಎಂಬಂತೆ ಏಣುಗಳು ಒಂದರ ಹಿಂದೊಂದು ನಿಲ್ಲುವ ನೋಟ ಮಧ್ಯಾಹ್ನದ ವೇಳೆಗೆ ತಾನಾಗಿಯೇ ಸಿದ್ಧವಾಗುತ್ತದೆ. ಹತ್ತಿರಕ್ಕೆ ಹೋಗಿ ಕುಳಿತು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕರಗುತ್ತಿರುವ ತೇಪೆಯ ಸುತ್ತ ಬೆರಳಗಲದ ಒಂದು ಪಟ್ಟಿಯಲ್ಲಿ ಕಲ್ಲು ಒದ್ದೆಯಾಗಿ ಕಪ್ಪಾಗಿರುತ್ತದೆ. ಒಣಗಿದ್ದಾಗ ಮಾಸಲಾಗಿದ್ದ ಕೆಂಪು, ನೇರಳೆ, ಹಸಿರು ಬಣ್ಣಗಳು ಆ ಪಟ್ಟಿಯಲ್ಲಿ ಮಾತ್ರ ಗಾಢವಾಗಿ ಎದ್ದಿರುತ್ತವೆ. ಹಿಮದ ಅಂಚು ಅಲ್ಲಿ ತೆಳುವಾಗಿ, ಗಾಜಿನಂತೆ ಪಾರದರ್ಶಕವಾಗಿ, ಕಲ್ಲಿನಿಂದ ಒಂದೆಳೆ ಮೇಲಕ್ಕೆ ಎದ್ದು ನಿಂತಿರುತ್ತದೆ. ಇಡೀ ಬೆಟ್ಟದ ಚಿತ್ರದ ಜೊತೆಗೆ ಇಂಥ ಸಮೀಪದ ಒಂದು ಚಿತ್ರವೂ ಇದ್ದರೆ ಆ ನಾಡಿನ ನೆಲ ಎಂಥದೆಂದು ನೋಡುವವರಿಗೆ ಅರ್ಥವಾಗುತ್ತದೆ.

ಚಪ್ಪಟೆತನಕ್ಕೆ ಬೆಳಕಿನ ದಿಕ್ಕೇ ಮುಖ್ಯ ಕಾರಣ. ಹಿಮದ ಮೈಯ ಏರುತಗ್ಗು ಅತಿ ಸಣ್ಣದಾದ್ದರಿಂದ ಬೆಳಕು ಬೆನ್ನ ಹಿಂದಿನಿಂದ ಬಿದ್ದರೆ ಎಲ್ಲವೂ ಅಳಿಸಿದಂತಾಗುತ್ತದೆ, ಪಕ್ಕದಿಂದ ಓರೆಯಾಗಿ ಬಿದ್ದರೆ ಪ್ರತಿಯೊಂದು ಉಬ್ಬಿಗೂ ನೆರಳು ಬರುತ್ತದೆ. ಲೇಹ್‌ನಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಊರಿನಿಂದ ನೋಡುವಾಗ ಸ್ಟೋಕ್ ಸಾಲಿಗೆ ಬೆಳಿಗ್ಗೆ ಎಡಬದಿಯಿಂದಲೂ ಸಂಜೆ ಬಲಬದಿಯಿಂದಲೂ ಬೆಳಕು ಸಿಗುತ್ತದೆ, ನಡುಹಗಲಿಗೆ ಅದರ ಈಚೆಯ ಮೈ ನೆರಳಿಗೆ ಸರಿಯುತ್ತದೆ. ಹಾಗೆಂದು ಮಧ್ಯಾಹ್ನ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಬೇಕಾಗಿಲ್ಲ. ಜನವರಿಯ ಮೊದಲ ವಾರದ ನಡುಹಗಲಿನಲ್ಲಿ ಶಿವಮೊಗ್ಗದಲ್ಲಿ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿದ್ದರೆ, ತಬೂಕ್‌ನಲ್ಲಿ 39, ಲೇಹ್‌ನಲ್ಲಿ 33 ಡಿಗ್ರಿಯಷ್ಟೇ ಮೇಲಿರುತ್ತಾನೆ. ಅಂದರೆ ಲೇಹ್‌ನ ನಡುಹಗಲ ಬಿಸಿಲು ಅದೇ ದಿನ ನಮ್ಮೂರಿನ ಬೆಳಗಿನ ಒಂಬತ್ತೂವರೆಯ ಬಿಸಿಲಿನಷ್ಟೇ ಓರೆ. ಬೇರೆ ದಿಕ್ಕಿನ ಬೆಟ್ಟಗಳಿಗೆ ತಿರುಗಿದರೆ ದಿನವಿಡೀ ಕೆಲಸ ಮಾಡಬಹುದು.

ಇನ್ನು ಗಾತ್ರದ ಮಾತು. ಅಗಲ ಕೋನದ ಲೆನ್ಸ್ ಹಾಕಿದ ಕೂಡಲೇ ದೂರದ ಬೆಟ್ಟ ಕುಗ್ಗುತ್ತದೆ. 100ರಿಂದ 200 ಮಿಲಿಮೀಟರಿನ ಟೆಲಿ ಲೆನ್ಸ್‌ನಿಂದ ಏಣುಗಳನ್ನು ಒಂದಕ್ಕೊಂದು ಹತ್ತಿರ ತಂದು ನೋಡಿ. ಹಿಮ ಬಿದ್ದ ಮರುದಿನ ಗಾಳಿಯಲ್ಲಿನ ಧೂಳು ತೊಳೆದುಹೋಗಿರುವುದರಿಂದ ದೂರದ್ದು ಸ್ಫುಟವಾಗಿ ಕಾಣುತ್ತದೆ. ಮರಗಿಡಗಳಿಲ್ಲದ ನಾಡಿನಲ್ಲಿ ಎತ್ತರವನ್ನು ಅಳೆಯಲು ಕಣ್ಣಿಗೆ ಆಸರೆ ಬೇಕು: ಬುಡದಲ್ಲಿ ಹಾದುಹೋಗುವ ರಸ್ತೆ, ಒಂದು ಲಾರಿ, ಕಲ್ಲಿನ ಮನೆ, ಒಂಟೆಯೊಡನೆ ನಡೆವ ಮನುಷ್ಯ, ಯಾವುದಾದರೂ ಆದೀತು. ಅದು ಚೌಕಟ್ಟಿನಲ್ಲಿ ಚಿಕ್ಕದಾಗಿಯೇ ಇರಲಿ. ಮನುಷ್ಯರನ್ನು ಸೇರಿಸುವಾಗ ಅವರ ಒಪ್ಪಿಗೆ ಕೇಳುವುದು ಎಲ್ಲೆಡೆಯೂ ಸರಿ, ಕೊಲ್ಲಿ ದೇಶಗಳಲ್ಲಿ ಕಡ್ಡಾಯವೆಂದೇ ಭಾವಿಸಬೇಕು. ಅಲ್ಲಾಗಲಿ ಲಡಾಖ್‌ನಲ್ಲಾಗಲಿ ಸೇನೆಯ ನೆಲೆಗಳತ್ತ ಕ್ಯಾಮೆರಾ ತಿರುಗಿಸಬಾರದು.

ಪ್ರಶ್ನೆ: ಪೋಲರೈಸಿಂಗ್ ಫಿಲ್ಟರ್ ಹಾಕಿದರೆ ಹಿಮದ ಮೇಲಿನ ಆಕಾಶ ಇನ್ನಷ್ಟು ನೀಲಿಯಾಗುತ್ತದೆ ಎನ್ನುತ್ತಾರೆ. ಕೊಳ್ಳಬಹುದೇ?
(ಓದುಗರೊಬ್ಬರು, ಶಿಕಾರಿಪುರ)

ಉತ್ತರ: ನಿಮ್ಮಲ್ಲಿದ್ದರೆ ಒಯ್ಯಿರಿ, ಆಕಾಶಕ್ಕಾಗಿ ಕೊಳ್ಳಬೇಡಿ. ಎತ್ತರದ ಒಣಗಾಳಿಯಲ್ಲಿ ಆಕಾಶ ಮೊದಲೇ ಗಾಢವಾಗಿರುತ್ತದೆ; ಫಿಲ್ಟರ್ ಸೇರಿದರೆ ಕಪ್ಪಿಟ್ಟಂತಾಗುತ್ತದೆ. ಸೂರ್ಯನಿಗೆ 90 ಡಿಗ್ರಿ ಪಕ್ಕದಲ್ಲಿ ಅದರ ಪರಿಣಾಮ ಅತಿ ಹೆಚ್ಚಿದ್ದು ಉಳಿದೆಡೆ ಕಡಿಮೆಯಿರುವುದರಿಂದ, ಅಗಲ ಲೆನ್ಸ್‌ನಲ್ಲಿ ಆಕಾಶದ ನಡುವೆ ಕಪ್ಪು ಪಟ್ಟಿ ಕಾಣಿಸಿಕೊಳ್ಳುತ್ತದೆ. ಒದ್ದೆ ಬಂಡೆಯ ಹೊಳಪನ್ನು ಇಳಿಸಿ ಅದರ ಬಣ್ಣ ತೋರಿಸಲು ಮಾತ್ರ ಅದು ನಿಜವಾಗಿ ಉಪಯುಕ್ತ.

ಪ್ರಶ್ನೆ: ನಾನು ತೆಗೆದ ಚಿತ್ರಗಳಲ್ಲಿ ನೆರಳಿನಲ್ಲಿರುವ ಹಿಮವೆಲ್ಲ ನೀಲಿಯಾಗಿದೆ. ಕಂಪ್ಯೂಟರಿನಲ್ಲಿ ಅದನ್ನು ಬಿಳಿ ಮಾಡಿದರೆ ಬಿಸಿಲು ಬಿದ್ದ ಬಂಡೆ ಹಳದಿಯಾಗುತ್ತದೆ. ಯಾವುದು ಸರಿ?
(ಓದುಗರೊಬ್ಬರು, ಹೊಸನಗರ)

ಉತ್ತರ: ಎರಡೂ ನಿಜವಾಗಿಯೇ ಅಲ್ಲಿದ್ದ ಬಣ್ಣಗಳು. ಬಿಸಿಲಿನಲ್ಲಿರುವ ಹಿಮಕ್ಕೆ ಸೂರ್ಯನ ನೇರ ಬೆಳಕು ಸಿಗುತ್ತದೆ. ನೆರಳಿನಲ್ಲಿರುವ ಹಿಮಕ್ಕೆ ಸಿಗುವುದು ಆಕಾಶದ ಬೆಳಕು ಮಾತ್ರ, ಅದು ನೀಲಿ. ಹಿಮ ತನಗೆ ಬಂದದ್ದನ್ನು ಹಾಗೆಯೇ ಹಿಂದಿರುಗಿಸುತ್ತದೆ. ನಮ್ಮ ಕಣ್ಣು ಮನಸ್ಸುಗಳು ಹಿಮ ಬಿಳಿಯೆಂದು ಮೊದಲೇ ತೀರ್ಮಾನಿಸಿಕೊಂಡು ನೀಲಿಯನ್ನು ಕಡೆಗಣಿಸುತ್ತವೆ, ಕ್ಯಾಮೆರಾ ಕಡೆಗಣಿಸುವುದಿಲ್ಲ. ಬಿಳುಪು ಬಿಳುಪಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ಡೇಲೈಟ್‌ಗೆ, ಅಂದರೆ ಸುಮಾರು 5,500 ಕೆಲ್ವಿನ್‌ಗೆ ನಿಲ್ಲಿಸಿ, ಬಿಸಿಲಿನ ಹಿಮ ಬಿಳಿಯಾಗಿರುವಂತೆಯೂ ನೆರಳು ತಣ್ಣಗೆ ನೀಲಿಯಾಗಿಯೇ ಉಳಿಯುವಂತೆಯೂ ನೋಡಿಕೊಳ್ಳಿ. ಬೆಚ್ಚನೆಯ ಬಂಡೆ, ತಣ್ಣನೆಯ ನೆರಳು ಇವೆರಡರ ಜೋಡಿಯೇ ಮರುಭೂಮಿಯ ಹಿಮದ ಸೊಗಸು. ಅದನ್ನು ತೊಳೆದು ಹಾಕಬೇಡಿ. ನೀಲಿ ತೀರ ಕಣ್ಣಿಗೆ ಚುಚ್ಚುವಂತಿದ್ದರೆ ನೀಲಿ ಬಣ್ಣದ ಗಾಢತೆಯನ್ನಷ್ಟೇ ಸ್ವಲ್ಪ ತಗ್ಗಿಸಿದರೆ ಸಾಕು. ಮೋಡ ಕವಿದ ದಿನದ ಚಿತ್ರ ಪೂರ್ತಿಯಾಗಿ ನೀಲಿಯಾಗಿದ್ದರೆ ಅದು ಬೇರೆ ವಿಷಯ, ಅದನ್ನು ತಿದ್ದಬಹುದು.

ಪ್ರಶ್ನೆ: ನನ್ನ ಬಳಿ ಮೊಬೈಲ್ ಮಾತ್ರ ಇದೆ. ಕಾಲೇಜಿನ ಪ್ರವಾಸದಲ್ಲಿ ಸ್ಪಿತಿಗೆ ಹೋಗಲಿದ್ದೇವೆ. ಇದರಲ್ಲೇ ಒಳ್ಳೆಯ ಚಿತ್ರ ಬರುತ್ತದೆಯೇ?
(ವಿದ್ಯಾರ್ಥಿನಿಯೊಬ್ಬರು, ಶಿವಮೊಗ್ಗ)

ಉತ್ತರ: ಖಂಡಿತ ಬರುತ್ತದೆ. ಪರದೆಯಲ್ಲಿ ಬಿಸಿಲು ಬಿದ್ದ ಹಿಮದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಮತ್ತು ಎಕ್ಸ್‌ಪೋಷರ್ ಲಾಕ್ ಆಗುತ್ತವೆ; ಬಳಿಕ ಪಕ್ಕದಲ್ಲಿ ಕಾಣುವ ಸೂರ್ಯನ ಚಿಹ್ನೆಯನ್ನು ಹಿಮ ಬೆಳ್ಳಗಾಗುವಷ್ಟು ಮೇಲಕ್ಕೆ ಎಳೆಯಿರಿ, ಹಿಮದ ಮೈಯ ಗೆರೆಗಳು ಮಾಯವಾಗುವ ಮೊದಲೇ ನಿಲ್ಲಿಸಿ. ಬೇರೆ ಬೇರೆ ಎಕ್ಸ್‌ಪೋಷರಿನ ಚಿತ್ರಗಳನ್ನು ಒಂದುಗೂಡಿಸುವ ಎಚ್‌ಡಿಆರ್ ಇರಲಿ. ಬೆರಳಿನಿಂದ ಹಿಗ್ಗಿಸುವ ಡಿಜಿಟಲ್ ಜೂಮ್ ಬೇಡ. ಹಿಮ ಬೀಳುತ್ತಿರುವಾಗ ಫ್ಲ್ಯಾಶ್ ಆರಿಸಿಡಿ. ಇಲ್ಲವಾದರೆ ಹತ್ತಿರದ ಹಿಮದ ಹಳಕುಗಳೆಲ್ಲ ದೊಡ್ಡ ಬಿಳಿ ಚುಕ್ಕೆಗಳಾಗಿ ಬೆಟ್ಟವನ್ನು ಮುಚ್ಚುತ್ತವೆ. ಪ್ರಖರ ಬಿಸಿಲಿನಲ್ಲಿ ಪರದೆ ಸರಿಯಾಗಿ ಕಾಣದು, ತಲೆಯ ಮೇಲೆ ಶಾಲು ಹೊದ್ದು ನೋಡಿ.

ಪ್ರಶ್ನೆ: ಫೆಬ್ರುವರಿಯಲ್ಲಿ ಲಡಾಖ್‌ಗೆ ಹೊರಟಿದ್ದೇನೆ. ಅಲ್ಲಿನ ಚಳಿಗೆ ಕ್ಯಾಮೆರಾ ಕೆಡುತ್ತದೆಯೇ? ನಮ್ಮಲ್ಲಿ ಮಳೆಗಾಲಕ್ಕೆ ಲೆನ್ಸ್‌ಗಳಿಗೆ ಬೂಷ್ಟು ಹಿಡಿಯುವುದನ್ನೇ ತಡೆಯಲಾಗುತ್ತಿಲ್ಲ, ಅದಕ್ಕೇ ಭಯ.
(ಓದುಗರೊಬ್ಬರು, ಕೊಪ್ಪ)

ಉತ್ತರ: ಒಣ ಚಳಿಯಲ್ಲಿ ಕ್ಯಾಮೆರಾಕ್ಕೆ ಅಪಾಯ ಕಡಿಮೆ, ಬ್ಯಾಟರಿಗೆ ಹೆಚ್ಚು. ಲೀಥಿಯಂ ಬ್ಯಾಟರಿ ಕೊರೆಯುವ ಚಳಿಯಲ್ಲಿ ಬೇಗ ಸೋಲುತ್ತದೆ, ಮೈಯ ಶಾಖಕ್ಕೆ ಮತ್ತೆ ಚೇತರಿಸಿಕೊಳ್ಳುತ್ತದೆ. ಎರಡು ಮೂರು ಬ್ಯಾಟರಿಗಳನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಸರದಿಯಲ್ಲಿ ಬಳಸಿ. ನಿಜವಾದ ತೊಂದರೆ ಬರುವುದು ಒಳಗೆ ಬಂದಾಗ. ಹೊರಗೆ ಮರಗಟ್ಟಿದ ಕ್ಯಾಮೆರಾವನ್ನು ಬುಖಾರಿ (ಕೋಣೆ ಬಿಸಿ ಮಾಡುವ ಒಲೆ) ಹೊತ್ತಿಸಿದ ಬೆಚ್ಚನೆಯ ಕೋಣೆಗೆ ನೇರವಾಗಿ ತಂದರೆ ಕೋಣೆಯ ತೇವವೆಲ್ಲ ಅದರ ಮೇಲೂ ಒಳಗೂ ನೀರಾಗಿ ಕೂರುತ್ತದೆ. ಹೊರಗಿರುವಾಗಲೇ ಅದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಗಾಳಿ ಹಿಂಡಿ ತೆಗೆದು ಮುಚ್ಚಿ, ಒಳಗೆ ತಂದ ಮೇಲೆ ಒಂದೆರಡು ಗಂಟೆ ತೆರೆಯಬೇಡಿ. ಮೆಮೊರಿ ಕಾರ್ಡನ್ನು ಹೊರಗಿರುವಾಗಲೇ ತೆಗೆದಿಟ್ಟುಕೊಳ್ಳಿ, ಚಿತ್ರ ನೋಡುವ ಆತುರಕ್ಕೆ ಚೀಲ ತೆರೆಯುವುದು ತಪ್ಪುತ್ತದೆ. ಲೆನ್ಸ್ ಬದಲಿಸುವುದನ್ನು ಆದಷ್ಟು ಕಡಿಮೆ ಮಾಡಿ. ಬೆಳಕನ್ನು ಗ್ರಹಿಸುವ ಸೆನ್ಸಾರ್ ಮೇಲೆ ಕುಳಿತ ಧೂಳಿನ ಕಣ ಕಾಡಿನ ಚಿತ್ರದಲ್ಲಿ ಅಡಗೀತು, ಹಿಮದ ಬಿಳುಪಿನಲ್ಲಿ ಅಡಗುವುದಿಲ್ಲ. ಅಪರ್ಚರ್ (ಲೆನ್ಸ್‌ನೊಳಗಿನ ಬೆಳಕಿನ ಕಿಂಡಿ) ಎಫ್ 8ರಿಂದ ಎಫ್ 11ರೊಳಗೆ ಇರಲಿ, ಅದಕ್ಕಿಂತ ಕಿರಿದಾದಷ್ಟೂ ಧೂಳಿನ ಚುಕ್ಕೆ ಎದ್ದು ಕಾಣುತ್ತದೆ.

ಬೂಷ್ಟಿನ ಬಗೆಗೆ ಹೇಳುವುದಾದರೆ, ಲಡಾಖ್‌ನ ಒಣಗಾಳಿ ನಿಮ್ಮ ಲೆನ್ಸ್‌ಗಳಿಗೆ ಹಿತವೇ. ಮರಳಿ ಬಂದ ಮೇಲೆ ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟು, ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಯಂತ್ರಕ್ಕಿಂತ ಮುಖ್ಯವಾದದ್ದು ನಿಮ್ಮ ಆರೋಗ್ಯ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ವಿಮಾನದಲ್ಲಿ ಇಳಿದವರು ಕನಿಷ್ಠ ಎರಡು ದಿನ ವಿಶ್ರಾಂತಿ ತೆಗೆದುಕೊಂಡ ಮೇಲೆಯೇ ಇನ್ನೂ ಎತ್ತರಕ್ಕೆ ಹೋಗಬೇಕು. ಹೊಸ ಹಿಮ ನೇರಳಾತೀತ ಕಿರಣಗಳನ್ನೂ ಬಹುಪಾಲು ಹಿಂದಿರುಗಿಸುವುದರಿಂದ ಕಪ್ಪು ಕನ್ನಡಕವಿಲ್ಲದೆ ಹಗಲೆಲ್ಲ ಹಿಮದಲ್ಲಿ ನಿಂತರೆ ಸಂಜೆಗೆ ಕಣ್ಣು ಕೆಂಪಾಗಿ ಉರಿದು, ತಾತ್ಕಾಲಿಕವಾಗಿ ಕಾಣದೆಯೂ ಹೋಗಬಹುದು. ಚಿತ್ರ ತೆಗೆಯುವ ಗಳಿಗೆಯಲ್ಲಿ ಮಾತ್ರ ಕನ್ನಡಕ ಎತ್ತಿ.

ಪ್ರಶ್ನೆ: ಇಂಥ ಚಿತ್ರವನ್ನು ಸ್ಪರ್ಧೆಗೆ ಅಥವಾ ಪತ್ರಿಕೆಗೆ ಕಳಿಸುವ ಮೊದಲು ಎಷ್ಟು ತಿದ್ದಬಹುದು? ಗೆಳೆಯರು ವಾಹನದ ಚಕ್ರದ ಗುರುತು ಅಳಿಸಿ, ಹಿಮವನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಲು ಹೇಳುತ್ತಿದ್ದಾರೆ.
(ಓದುಗರೊಬ್ಬರು, ಶೃಂಗೇರಿ)

ಉತ್ತರ: ಬೆಳಕು, ನೆರಳು, ಬಣ್ಣಗಳ ಹದವನ್ನು ತಿದ್ದಿ, ಸೆನ್ಸಾರ್‌ನ ಧೂಳಿನ ಚುಕ್ಕೆಗಳನ್ನು ಅಳಿಸಿ, ಅಲ್ಲಿಗೆ ನಿಲ್ಲಿಸಿ. ಹಿಮವನ್ನು ಹೆಚ್ಚಿಸುವುದನ್ನು ನಾನು ಒಪ್ಪುವುದಿಲ್ಲ. ಮರುಭೂಮಿಯ ಬೆಟ್ಟಕ್ಕೆ ಹಿಮ ಬಿದ್ದ ಚಿತ್ರ ಒಂದು ದಾಖಲೆಯೂ ಹೌದು. ಯಾವ ದಿನ, ಯಾವ ಎತ್ತರದವರೆಗೆ, ಎಷ್ಟು ತೆಳುವಾಗಿ ಬಿದ್ದಿತ್ತು ಎಂಬುದನ್ನು ಮುಂದೆ ಯಾರಾದರೂ ಅದರಿಂದಲೇ ತಿಳಿಯಬೇಕಾಗಬಹುದು. ಹಿಮ ಬಿದ್ದಾಗಲೆಲ್ಲ ಹಳೆಯ ಚಿತ್ರಗಳೂ ಕಟ್ಟಿದ ಚಿತ್ರಗಳೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಈ ಕಾಲದಲ್ಲಿ ನಿಜವಾದದ್ದಕ್ಕೆ ಬೆಲೆ ಹೆಚ್ಚು. ಚಕ್ರದ ಗುರುತು ಬೇಡವೆನಿಸಿದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆಯಬೇಕಿತ್ತು. ಈಗ ಚೌಕಟ್ಟನ್ನು ಕತ್ತರಿಸಿ ಸರಿಪಡಿಸಿಕೊಳ್ಳಬಹುದು.

ಅಚ್ಚಿಗೆ ಕಳಿಸುವುದಾದರೆ ಬಿಳುಪಿನ ಒಂದು ಲೆಕ್ಕವಿದೆ. ಡಿಜಿಟಲ್ ಚಿತ್ರದಲ್ಲಿ ಕಪ್ಪು 0, ಅಚ್ಚ ಬಿಳಿ 255. 255 ಇರುವ ಜಾಗದಲ್ಲಿ ಶಾಯಿಯೇ ಬೀಳದೆ ಬರಿಯ ಕಾಗದ ಉಳಿಯುವುದರಿಂದ ಪುಟದ ಮೇಲೆ ಅದು ತೂತಿನಂತೆ ಕಾಣುತ್ತದೆ. ಬಿಸಿಲಿನ ಹಿಮ 235ರಿಂದ 245ರ ಆಸುಪಾಸಿನಲ್ಲಿ ಇರುವಂತೆ ನೋಡಿಕೊಳ್ಳಿ. ಅಡಿಬರಹದಲ್ಲಿ ಸ್ಥಳ, ಸುಮಾರು ಎತ್ತರ, ಹಿಮ ಬಿದ್ದ ದಿನ, ಚಿತ್ರ ತೆಗೆದ ದಿನ ಮತ್ತು ವೇಳೆ ಇಷ್ಟನ್ನೂ ಬರೆಯಿರಿ. ಸ್ಪರ್ಧೆಯವರು ಕೇಳಿದರೆ ತೋರಿಸಲು ಮೂಲ ರಾ ಫೈಲನ್ನು ತಿದ್ದದೆ ಬೇರೆಯಾಗಿ ಕಾಪಿಟ್ಟುಕೊಳ್ಳಿ.